ಒಂದೇ ಶಾರ್ಟ್‌ಕಟ್‌ಗೆ ಎರಡು ಕೆಲಸ: ವಿಎಸ್ ಕೋಡ್‌ನಲ್ಲಿ ಕೀಲಿ ತಿಕ್ಕಾಟ ಬಿಡಿಸುವ ಸಮಗ್ರ ಮಾರ್ಗದರ್ಶಿ

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಡಿ ಒತ್ತಿದರೆ ಸಾಲು ನಕಲಾಗುತ್ತದೆ ಅಂದುಕೊಂಡಿದ್ದಿರಿ, ಬದಲಿಗೆ ಪದವೊಂದು ಆಯ್ಕೆಯಾಯಿತು. ಕಂಟ್ರೋಲ್+ಚುಕ್ಕಿ ಒತ್ತಿದರೆ ಕೋಡಿನ ತಪ್ಪಿಗೆ ಪರಿಹಾರ ಬರಬೇಕಿತ್ತು, ಎಮೋಜಿ ಬಂತು. ಇಂಥ ಹೊತ್ತಿನಲ್ಲಿ ಬಹುತೇಕರು ಮಾಡುವುದು ಒಂದೇ: ಶಾರ್ಟ್‌ಕಟ್ ಪಟ್ಟಿ ತೆರೆದು ಬೇರೆ ಕೀಲಿ ಕೊಟ್ಟುಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಆ ಹೊಸ ಕೀಲಿಯೂ ಮತ್ತೊಂದಕ್ಕೆ ತಾಗುತ್ತದೆ. ಹೀಗೆ ಹತ್ತಾರು ಬದಲಾವಣೆ ಸೇರಿಕೊಂಡ ಮೇಲೆ ಯಾವುದನ್ನು ಯಾಕೆ ಬದಲಿಸಿದ್ದು ಎಂಬುದೇ ಮರೆತುಹೋಗುತ್ತದೆ.

ಮೈಸೂರು, ಮಂಡ್ಯದ ಕಡೆ ಈ ತೊಂದರೆಗೆ ಎರಡು ಕಾರಣ ಹೆಚ್ಚು ಸೇರಿಕೊಳ್ಳುತ್ತವೆ. ಕಾಲೇಜಿನ ಲ್ಯಾಬ್‌ನಲ್ಲಿ ಉಬುಂಟು, ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇರುತ್ತದೆ; ಎರಡರಲ್ಲೂ ಒಂದೇ ಕೀಲಿಗೆ ಬೇರೆ ಬೇರೆ ಅರ್ಥ. ಜೊತೆಗೆ ಒಂದೇ ಕಡತದಲ್ಲಿ ಕನ್ನಡವನ್ನೂ ಕೋಡನ್ನೂ ಬರೆಯುವುದರಿಂದ ಭಾಷೆ ಬದಲಿಸುವ ಕೀಲಿಗಳು ನಡುವೆ ಬಾಯಿ ಹಾಕುತ್ತವೆ. ಇವೆರಡೂ ಎಡಿಟರ್‌ನ ತಪ್ಪಲ್ಲ, ಎಡಿಟರ್‌ನೊಳಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಕೀಲಿಯನ್ನು ಯಾರು ಹಿಡಿಯುತ್ತಿದ್ದಾರೆ ಎಂದು ಮೊದಲು ಪತ್ತೆ ಮಾಡಬೇಕು, ಆಮೇಲೆ ಅಲ್ಲೇ ಸರಿಪಡಿಸಬೇಕು. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊದಲೆರಡನ್ನು ಹಾರಿಸಿ ಐದನೆಯದಕ್ಕೆ ಹೋದವರೇ ಹೆಚ್ಚಾಗಿ ಸಿಕ್ಕಿಬೀಳುವುದು.

## ಶುರು ಮಾಡುವ ಮುನ್ನ

ಮೂರು ಸಿದ್ಧತೆ ಸಾಕು.

1. ಈಗಿರುವ ಬದಲಾವಣೆಗಳ ನಕಲು. ಎಫ್1 ಒತ್ತಿ ಕಮಾಂಡ್ ಪ್ಯಾಲೆಟ್, ಅಂದರೆ ಕಮಾಂಡ್‌ಗಳನ್ನು ಹೆಸರಿನಿಂದ ಹುಡುಕುವ ಪೆಟ್ಟಿಗೆ, ತೆರೆಯಿರಿ. ಅದನ್ನೇ ತೆರೆಯುವ ಕಂಟ್ರೋಲ್+ಶಿಫ್ಟ್+ಪಿ ಕೈಕೊಟ್ಟಾಗಲೂ ಎಫ್1 ನಡೆಯುತ್ತದೆ, ನೆನಪಿಡಿ. ಅಲ್ಲಿ ‘ಓಪನ್ ಕೀಬೋರ್ಡ್ ಶಾರ್ಟ್‌ಕಟ್ಸ್’ ಎಂದು ಹುಡುಕಿ, ಕೊನೆಯಲ್ಲಿ ‘ಜೇಸನ್’ ಎಂದಿರುವುದನ್ನು ಆರಿಸಿ. ತೆರೆಯುವ ಪಠ್ಯ ಕಡತದಲ್ಲಿ (ಮುಂದೆ ‘ಜೇಸನ್ ಕಡತ’ ಎಂದರೆ ಇದೇ) ನೀವು ಮಾಡಿದ ಬದಲಾವಣೆ ಮಾತ್ರ ಇರುತ್ತದೆ. ಪೂರ್ತಿ ಆಯ್ಕೆ ಮಾಡಿ ಬೇರೆ ಕಡತಕ್ಕೆ ಅಂಟಿಸಿ, ದಿನಾಂಕ ಹಾಕಿ ಉಳಿಸಿ.

2. ಪರೀಕ್ಷೆಗೆ ಒಂದು ಸಣ್ಣ ಕಡತ. ಕೆಲಸದ ಕಡತದ ಮೇಲೆ ಪ್ರಯೋಗ ಬೇಡ. ಹೊಸ ಕಡತದಲ್ಲಿ ಏಳು ಸಾಲು ಬರೆದುಕೊಳ್ಳಿ: ಮಂಡ್ಯ, ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು. ರೈಲು ನಿಲ್ದಾಣಗಳ ಅನುಕ್ರಮ ಗೊತ್ತಿರುವುದರಿಂದ ಸಾಲು ನಕಲಾಯಿತೇ, ಜಾಗ ಬದಲಾಯಿತೇ, ಅಳಿಯಿತೇ ಎಂಬುದು ಕಣ್ಣಿಗೆ ತಕ್ಷಣ ಬೀಳುತ್ತದೆ.

3. ತಪ್ಪುತ್ತಿರುವ ಕೀಲಿಗಳ ಪಟ್ಟಿ. ಒತ್ತಿದ್ದು ಏನು, ಆಗಬೇಕಿದ್ದುದು ಏನು, ಆದದ್ದು ಏನು, ಆಗ ಕರ್ಸರ್ ಎಲ್ಲಿತ್ತು: ಈ ನಾಲ್ಕನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾಲ್ಕನೆಯದನ್ನು ಎಲ್ಲರೂ ಬಿಡುತ್ತಾರೆ, ಅರ್ಧ ಸಮಸ್ಯೆಗಳ ಉತ್ತರ ಅದರಲ್ಲೇ ಇರುತ್ತದೆ.

## ಹಂತ 1: ಕೀಲಿ ಎಡಿಟರ್‌ವರೆಗೆ ತಲುಪುತ್ತಿದೆಯೇ?

ಎಫ್1 ಒತ್ತಿ ‘ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್’ ಹುಡುಕಿ ಚಾಲೂ ಮಾಡಿ. ಕೆಳಗೆ ಔಟ್‌ಪುಟ್ ಫಲಕ ತೆರೆದು, ನೀವು ಒತ್ತುವ ಪ್ರತಿ ಕೀಲಿಯ ದಾಖಲೆ ಅಲ್ಲಿ ಬೀಳತೊಡಗುತ್ತದೆ. ಕರ್ಸರನ್ನು ಪರೀಕ್ಷಾ ಕಡತದೊಳಗೆ ಇಟ್ಟು ತೊಂದರೆಯ ಶಾರ್ಟ್‌ಕಟ್ಟನ್ನು ಒಮ್ಮೆ ಮಾತ್ರ ಒತ್ತಿ.

ದಾಖಲೆಯನ್ನು ಹೀಗೆ ಓದಿ.

ಏನೂ ಬೀಳಲಿಲ್ಲ, ಅಥವಾ ಕಂಟ್ರೋಲ್, ಆಲ್ಟ್ ಮಾತ್ರ ಬಂದು ಅಕ್ಷರದ ಕೀಲಿ ಬರಲಿಲ್ಲ ಎಂದರೆ ಎಡಿಟರ್‌ಗಿಂತ ಮೊದಲೇ ಯಾರೋ ಹಿಡಿದಿದ್ದಾರೆ. ಹಂತ 2ಕ್ಕೆ ಹೋಗಿ.

ಕೀಲಿ ಬಂತು, ಆದರೆ ನೀವು ಒತ್ತಿದ್ದೇ ಒಂದು, ದಾಖಲಾದದ್ದೇ ಇನ್ನೊಂದು. ಇದು ಕೀಬೋರ್ಡ್ ವಿನ್ಯಾಸದ ಸಮಸ್ಯೆ. ಇದೂ ಹಂತ 2.

ಕೀಲಿ ಬಂತು, ‘ಮ್ಯಾಚ್ಡ್’ ಎಂಬ ಪದದ ಮುಂದೆ ಯಾವುದೋ ಕಮಾಂಡ್‌ನ ಹೆಸರಿದೆ. ಅದೇ ಸಾಲಿನ ಕೊನೆಯಲ್ಲಿ ‘ಸೋರ್ಸ್’ ಎಂದೂ ಇರುತ್ತದೆ: ಮೂಲದಿಂದ ಬಂದದ್ದೋ, ನೀವೇ ಹಾಕಿದ್ದೋ, ಯಾವ ಎಕ್ಸ್‌ಟೆನ್ಷನ್ನಿನದೋ (ಎಡಿಟರ್‌ಗೆ ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶ) ಎಂದು ಅದು ಹೇಳುತ್ತದೆ. ಈ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹಂತ 3ಕ್ಕೆ ಹೋಗಿ.

ಕೀಲಿ ಬಂತು, ನಮೂದುಗಳೂ ಇವೆ, ಆದರೆ ಯಾವ ‘ವೆನ್’ ಷರತ್ತೂ (ಶಾರ್ಟ್‌ಕಟ್ ಯಾವಾಗ, ಎಲ್ಲಿ ನಡೆಯಬೇಕೆಂಬ ಷರತ್ತು) ಹೊಂದಲಿಲ್ಲ ಎಂದಿದ್ದರೆ ಶಾರ್ಟ್‌ಕಟ್ ಸರಿಯಾಗಿಯೇ ಇದೆ, ನೀವು ನಿಂತ ಜಾಗ ಸರಿಯಿಲ್ಲ. ನೇರ ಹಂತ 6.

ಕೆಲಸ ಮುಗಿದ ಮೇಲೆ ಇದೇ ಕಮಾಂಡ್ ಮತ್ತೆ ಕೊಟ್ಟು ದಾಖಲೆ ನಿಲ್ಲಿಸಿ. ಚಾಲೂ ಇದ್ದಷ್ಟು ಹೊತ್ತು ಔಟ್‌ಪುಟ್ ಫಲಕ ಇದರಿಂದಲೇ ತುಂಬಿ ಬೇರೇನೂ ಕಾಣದಂತಾಗುತ್ತದೆ.

## ಹಂತ 2: ಎಡಿಟರ್‌ಗಿಂತ ಮೊದಲೇ ಕೀಲಿ ಹಿಡಿಯುವವರು

ಇಲ್ಲಿ ಸಾವಧಾನ ಬೇಕು. ಕನ್ನಡದಲ್ಲಿ ಬರೆಯುವವರಿಗೆ ಅತಿ ಹೆಚ್ಚು ತೊಂದರೆ ಕೊಡುವ ಹಂತ ಇದೇ.

ವಿಂಡೋಸ್‌ನಲ್ಲಿ ಆಲ್ಟ್+ಶಿಫ್ಟ್. ಇಂಗ್ಲಿಷ್ ಜೊತೆಗೆ ಕನ್ನಡ ಕೀಬೋರ್ಡನ್ನೂ ಸೇರಿಸಿದರೆ ಎಡಗಡೆಯ ಆಲ್ಟ್+ಶಿಫ್ಟ್ ಭಾಷೆ ಬದಲಿಸುವ ಕೀಲಿಯಾಗಿರುತ್ತದೆ. ವಿಎಸ್ ಕೋಡ್‌ನಲ್ಲಿ ಕಡತವನ್ನು ಓರಣ ಮಾಡುವ ಶಾರ್ಟ್‌ಕಟ್ ಶಿಫ್ಟ್+ಆಲ್ಟ್+ಎಫ್. ಸಾಲು ನಕಲು ಮಾಡುವುದು ಶಿಫ್ಟ್+ಆಲ್ಟ್+ಕೆಳಬಾಣ. ಎರಡೂ ಕೀಲಿ ಒತ್ತಿ ಹಿಡಿದು, ಮೂರನೆಯದು ಒತ್ತುವ ಮುನ್ನ ಮನಸ್ಸು ಬದಲಿಸಿ ಕೈ ಬಿಟ್ಟಿರೋ, ಸದ್ದಿಲ್ಲದೆ ಭಾಷೆ ಬದಲಾಗಿರುತ್ತದೆ. ಮುಂದಿನ ಸಾಲಿನಲ್ಲಿ ಇಂಗ್ಲಿಷ್ ಬದಲು ಕನ್ನಡ ಮೂಡಿದಾಗಲೇ ಗೊತ್ತಾಗುವುದು. ಇದಕ್ಕೆ ಎಡಿಟರ್‌ನ ಶಾರ್ಟ್‌ಕಟ್ ಬದಲಿಸಬೇಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಟೈಪಿಂಗ್’, ‘ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್’, ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ತೆರೆದು ಆ ಕೀಲಿಯನ್ನು ‘ನಾಟ್ ಅಸೈನ್ಡ್’ ಮಾಡಿ. ಭಾಷೆ ಬದಲಿಸಲು ವಿಂಡೋಸ್ ಕೀ+ಸ್ಪೇಸ್ ಇದ್ದೇ ಇದೆ. ಅಲ್ಲಿ ಕಂಟ್ರೋಲ್+ಶಿಫ್ಟ್ ಆಯ್ಕೆಯೂ ಕಾಣುತ್ತದೆ. ಅದನ್ನು ಮಾತ್ರ ಆರಿಸಬೇಡಿ, ವಿಎಸ್ ಕೋಡ್‌ನ ಹಲವಾರು ಶಾರ್ಟ್‌ಕಟ್‌ಗಳು ಅದರಿಂದಲೇ ಆರಂಭ.

ಉಬುಂಟುವಿನಲ್ಲಿ ಐಬಸ್. ಕನ್ನಡ ಟೈಪಿಂಗ್‌ಗೆ ಬಳಸುವ ಐಬಸ್‌ನ ಕೆಲವು ಆವೃತ್ತಿಗಳು ಎಮೋಜಿಗೆ ಕಂಟ್ರೋಲ್+ಚುಕ್ಕಿಯನ್ನೂ, ಇನ್ನೂ ಹಳೆಯವು ಕಂಟ್ರೋಲ್+ಶಿಫ್ಟ್+ಇ ಅನ್ನೂ ಹಿಡಿದಿಟ್ಟುಕೊಂಡಿವೆ. ಮೊದಲನೆಯದು ವಿಎಸ್ ಕೋಡ್‌ನಲ್ಲಿ ಕೋಡಿನ ತಪ್ಪಿಗೆ ಪರಿಹಾರ ತೋರಿಸುವ ಕ್ವಿಕ್ ಫಿಕ್ಸ್, ಎರಡನೆಯದು ಕಡತಗಳ ಪಟ್ಟಿ ತೆರೆಯುವ ಕೀಲಿ. ಟರ್ಮಿನಲ್‌ನಿಂದ ಐಬಸ್‌ನ ಸೆಟಪ್ ತೆರೆದು ಎಮೋಜಿ ಟ್ಯಾಬ್‌ನಲ್ಲಿ ಆ ಕೀಲಿಯನ್ನು ಅಳಿಸಿ. ಕಂಟ್ರೋಲ್+ಶಿಫ್ಟ್+ಯು ಕೂಡ ಐಬಸ್‌ನದೇ, ಯೂನಿಕೋಡ್ ಸಂಖ್ಯೆಯಿಂದ ಅಕ್ಷರ ಬರೆಯಲು ಇರುವುದು. ಅದನ್ನು ಅಲ್ಲೇ ಬಿಟ್ಟು, ಎಡಿಟರ್‌ನಲ್ಲಿ ಆ ಕೀಲಿ ಬಳಸದೇ ಇರುವುದು ಒಳ್ಳೆಯದು.

ಇನ್‌ಸ್ಕ್ರಿಪ್ಟ್ ವಿನ್ಯಾಸ ಮತ್ತು ಚಿಹ್ನೆಯ ಕೀಲಿಗಳು. ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ಲ್ಯಾಷ್ ಕೀಲಿಯ ಜಾಗದಲ್ಲಿ ‘ಯ’ ಇದೆ, ಸೆಮಿಕೋಲನ್ ಜಾಗದಲ್ಲಿ ‘ಚ’, ಎಡ ಚೌಕಾವರಣದ ಜಾಗದಲ್ಲಿ ‘ಡ’. ಹಾಗಾಗಿ ಕನ್ನಡ ಚಾಲೂ ಇರುವಾಗ ಸಾಲನ್ನು ಟಿಪ್ಪಣಿ ಮಾಡುವ ಕಂಟ್ರೋಲ್+ಸ್ಲ್ಯಾಷ್ ಕೈಕೊಡಬಹುದು. ಹಂತ 1ರ ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ‘ಕೋಡ್’ ಎಂಬಲ್ಲಿ ಸ್ಲ್ಯಾಷ್ ಇರುತ್ತದೆ, ‘ಕೀ’ ಎಂಬಲ್ಲಿ ‘ಯ’ ಇರುತ್ತದೆ. ಪರಿಹಾರವೆಂದರೆ ಅಕ್ಷರದ ಬದಲು ಕೀಲಿಯ ಜಾಗವನ್ನೇ ಹೆಸರಿಸುವುದು. ಜೇಸನ್ ಕಡತದಲ್ಲಿ ಕಂಟ್ರೋಲ್ ಮುಂದೆ ಕೂಡಿಸು ಚಿಹ್ನೆ ಹಾಕಿ, ದಾಖಲೆಯಲ್ಲಿ ಕಂಡ ‘ಕೋಡ್’ ಹೆಸರನ್ನು ದೊಡ್ಡಕ್ಷರ ಸಣ್ಣಕ್ಷರ ಹಾಗೆಯೇ ಇಟ್ಟು ಚೌಕಾವರಣದೊಳಗೆ ಬರೆಯಿರಿ. ಆಗ ಯಾವ ಭಾಷೆ ಚಾಲೂ ಇದ್ದರೂ ಅದೇ ಭೌತಿಕ ಕೀಲಿ ಅದೇ ಕೆಲಸ ಮಾಡುತ್ತದೆ. ಕನ್ನಡ ಕಡತಗಳಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಈ ಒಂದು ಬದಲಾವಣೆ ಬಹಳ ಆರಾಮ ಕೊಡುತ್ತದೆ.

ನುಡಿ, ಬರಹದಂಥ ತಂತ್ರಾಂಶಗಳಿದ್ದರೆ ಅವುಗಳ ಭಾಷೆ ಬದಲಿಸುವ ಕೀಲಿ ಯಾವುದೆಂದು ಅವುಗಳ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆ ಕೀಲಿಯನ್ನು ಎಡಿಟರ್‌ನಲ್ಲಿ ಬಳಸಬೇಡಿ.

ರೂಪಾಯಿ ಚಿಹ್ನೆ. ‘ಇಂಗ್ಲಿಷ್ (ಇಂಡಿಯಾ)’ ವಿನ್ಯಾಸದಲ್ಲಿ ಬಲಗಡೆಯ ಆಲ್ಟ್+4 ಒತ್ತಿದರೆ ₹ ಬರುತ್ತದೆ. ವಿಂಡೋಸ್ ಬಲ ಆಲ್ಟನ್ನೂ ಕಂಟ್ರೋಲ್+ಆಲ್ಟನ್ನೂ ಒಂದೇ ಎಂದು ನೋಡುವುದರಿಂದ ಕಂಟ್ರೋಲ್+ಆಲ್ಟ್+4ಕ್ಕೆ ಶಾರ್ಟ್‌ಕಟ್ ಕೊಟ್ಟರೆ ಒಂದೋ ಶಾರ್ಟ್‌ಕಟ್ ಹೋಗುತ್ತದೆ, ಇಲ್ಲವೇ ರೂಪಾಯಿ ಹೋಗುತ್ತದೆ. ಅಂಗಡಿ ಬಿಲ್, ದರಪಟ್ಟಿ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಇದು ಖಂಡಿತ ಎದುರಾಗುತ್ತದೆ.

ಹಿನ್ನೆಲೆಯ ಇತರ ಕಾರ್ಯಕ್ರಮಗಳು. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಆಲ್ಟ್+ಝಡ್ ಅದರ ಓವರ್‌ಲೇ, ಅಂದರೆ ಪರದೆಯ ಮೇಲೆ ಬರುವ ಫಲಕ, ತೆರೆಯುವ ಕೀಲಿ. ವಿಎಸ್ ಕೋಡ್‌ನಲ್ಲಿ ಉದ್ದ ಸಾಲು ಮಡಚುವ ಕೀಲಿಯೂ ಅದೇ. ಸ್ಕ್ರೀನ್ ರೆಕಾರ್ಡರ್, ಸ್ಕ್ರೀನ್‌ಶಾಟ್ ಉಪಕರಣಗಳದ್ದೂ ಇದೇ ಕಥೆ. ಒಂದೊಂದಾಗಿ ಮುಚ್ಚುತ್ತಾ, ಪ್ರತಿ ಸಲವೂ ದಾಖಲೆ ನೋಡಿ. ಉಬುಂಟುವಿನಲ್ಲಾದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ವ್ಯವಸ್ಥೆ ಹಿಡಿದಿಟ್ಟ ಶಾರ್ಟ್‌ಕಟ್‌ಗಳ ಪೂರ್ತಿ ಪಟ್ಟಿ ಸಿಗುತ್ತದೆ. ಕಂಟ್ರೋಲ್+ಆಲ್ಟ್+ಬಾಣದ ಕೀಲಿಗಳನ್ನು ಮೊದಲು ಅಲ್ಲೇ ಹುಡುಕಿ.

ಎಫ್2, ಎಫ್12ರಂಥ ಕೀಲಿ ದಾಖಲೆಗೇ ಬೀಳದಿದ್ದರೆ ಲ್ಯಾಪ್‌ಟಾಪ್ ಅದನ್ನು ಶಬ್ದ, ಬೆಳಕಿನ ಕೀಲಿಯಾಗಿ ಬಳಸುತ್ತಿದೆ. ಎಫ್‌ಎನ್ ಜೊತೆ ಒತ್ತಿ ನೋಡಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್+ಎಸ್ಕೇಪ್ ಇದನ್ನು ಕಾಯಂ ಬದಲಿಸುತ್ತದೆ. ವಿಎಸ್ ಕೋಡನ್ನು ಬ್ರೌಸರ್‌ನಲ್ಲೇ ತೆರೆದಿದ್ದರೆ ಕಂಟ್ರೋಲ್+ಡಬ್ಲ್ಯು, ಕಂಟ್ರೋಲ್+ಎನ್, ಕಂಟ್ರೋಲ್+ಟಿ ಬ್ರೌಸರ್‌ನವು, ಅವುಗಳ ಆಸೆ ಬಿಡಿ.

## ಹಂತ 3: ಎಡಿಟರ್‌ನೊಳಗೆ ಗೆಲ್ಲುವುದು ಯಾರು?

ಇಲ್ಲಿನ ನಿಯಮ ಚಿಕ್ಕದು, ಆದರೆ ಇದು ತಿಳಿಯದೆ ಮುಂದಕ್ಕೆ ಹೋಗಬಾರದು. ಎಲ್ಲ ಶಾರ್ಟ್‌ಕಟ್‌ಗಳೂ ಒಂದೇ ಉದ್ದ ಪಟ್ಟಿಯಲ್ಲಿರುತ್ತವೆ. ಮೇಲೆ ಮೂಲದವು, ಅದರ ಕೆಳಗೆ ಎಕ್ಸ್‌ಟೆನ್ಷನ್‌ಗಳವು, ಎಲ್ಲಕ್ಕಿಂತ ಕೆಳಗೆ ನಿಮ್ಮವು. ಕೀಲಿ ಒತ್ತಿದಾಗ ವಿಎಸ್ ಕೋಡ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಕೀಲಿಯೂ ‘ವೆನ್’ ಷರತ್ತೂ ಎರಡೂ ಹೊಂದುವ ಮೊದಲ ನಮೂದು ಸಿಕ್ಕ ಕೂಡಲೇ ಅಲ್ಲಿಗೆ ನಿಲ್ಲುತ್ತದೆ.

ಇದರಿಂದ ಮೂರು ವಿಷಯ ತಿಳಿಯುತ್ತದೆ. ನೀವು ಹಾಕಿದ್ದು ಯಾವಾಗಲೂ ಮೂಲದ್ದನ್ನು ಮೀರುತ್ತದೆ. ನಿಮ್ಮದೇ ಕಡತದಲ್ಲಿ ಒಂದೇ ಕೀಲಿ ಎರಡು ಸಲ ಇದ್ದರೆ ಕೆಳಗಿನದೇ ಗೆಲ್ಲುತ್ತದೆ. ಮತ್ತು ಷರತ್ತು ಇಲ್ಲದೆ ಹಾಕಿದ ನಮೂದು ತನ್ನ ಮೇಲಿನ ಎಲ್ಲವನ್ನೂ, ಎಲ್ಲ ಸಂದರ್ಭದಲ್ಲೂ ಮುಚ್ಚಿಹಾಕುತ್ತದೆ.

## ಹಂತ 4: ಎದುರಾಳಿಯನ್ನು ಗುರುತಿಸಿ

1. ಕಂಟ್ರೋಲ್+ಕೆ, ಬೆನ್ನಿಗೇ ಕಂಟ್ರೋಲ್+ಎಸ್ ಒತ್ತಿ. ಶಾರ್ಟ್‌ಕಟ್ ಪಟ್ಟಿ ತೆರೆಯುತ್ತದೆ.

2. ಹುಡುಕು ಪೆಟ್ಟಿಗೆಯ ಬಲಕ್ಕೆ ಪುಟ್ಟ ಕೀಬೋರ್ಡ್ ಚಿತ್ರವಿದೆ, ‘ರೆಕಾರ್ಡ್ ಕೀಸ್’. ಅದನ್ನು ಒತ್ತಿ, ಆಮೇಲೆ ತೊಂದರೆಯ ಶಾರ್ಟ್‌ಕಟ್ ಒತ್ತಿ. ಆ ಕೀಲಿಗೆ ಅಂಟಿಕೊಂಡ ಎಲ್ಲ ಕಮಾಂಡ್‌ಗಳೂ ಸಾಲಾಗಿ ಬರುತ್ತವೆ. ಮುಗಿದ ಮೇಲೆ ಅದೇ ಚಿತ್ರವನ್ನು ಮತ್ತೆ ಒತ್ತಿ ನಿಲ್ಲಿಸದಿದ್ದರೆ ಪೆಟ್ಟಿಗೆಯಲ್ಲಿ ಏನು ಟೈಪ್ ಮಾಡಿದರೂ ಕೀಲಿಯಾಗಿಯೇ ದಾಖಲಾಗುತ್ತದೆ.

3. ಪ್ರತಿ ಸಾಲಿನ ‘ವೆನ್’ ಮತ್ತು ‘ಸೋರ್ಸ್’ ಕಂಬಗಳನ್ನು ಓದಿ. ಒಂದೇ ಕೀಲಿಗೆ ಐದು ನಮೂದು ಕಂಡರೆ ಗಾಬರಿ ಬೇಡ. ಒಂದು ಟರ್ಮಿನಲ್‌ನಲ್ಲಿ, ಇನ್ನೊಂದು ಕಡತಗಳ ಪಟ್ಟಿಯಲ್ಲಿ, ಮತ್ತೊಂದು ಎಡಿಟರ್‌ನಲ್ಲಿ ನಡೆಯುವುದಾದರೆ ಅದು ತಿಕ್ಕಾಟವೇ ಅಲ್ಲ. ಎರಡು ಷರತ್ತುಗಳು ಏಕಕಾಲಕ್ಕೆ ನಿಜವಾಗಬಲ್ಲವೇ ಎಂಬುದಷ್ಟೇ ಪ್ರಶ್ನೆ.

4. ಯಾವುದಾದರೂ ಸಾಲಿನ ಮೇಲೆ ಬಲಗ್ಲಿಕ್ ಮಾಡಿ ‘ಶೋ ಸೇಮ್ ಕೀಬೈಂಡಿಂಗ್ಸ್’ ಆರಿಸಿದರೂ ಇದೇ ಪಟ್ಟಿ ಬರುತ್ತದೆ. ಜೇಸನ್‌ನಲ್ಲಿ ಬರೆಯಬೇಕಾಗಿ ಬಂದರೆ ಇಲ್ಲಿಂದಲೇ ‘ಕಾಪಿ ಕಮಾಂಡ್ ಐಡಿ’ ಮಾಡಿಕೊಳ್ಳಿ. ಕಮಾಂಡ್‌ನ ಹೆಸರನ್ನು ಕೈಯಿಂದ ಟೈಪ್ ಮಾಡಿದರೆ ಒಂದಕ್ಷರ ತಪ್ಪಿದರೂ ಕೀಲಿ ಸತ್ತಂತಿರುತ್ತದೆ.

## ಹಂತ 5: ಕೀಲಿ ಯಾರಿಗೆ, ತೀರ್ಮಾನಿಸಿ

ಎದುರಾಳಿ ನಿಮಗೆ ಎಂದೂ ಬೇಡದ ಕಮಾಂಡ್ ಆಗಿದ್ದರೆ ‘ರಿಮೂವ್ ಕೀಬೈಂಡಿಂಗ್’ ಸಾಕು. ಎರಡೂ ಬೇಕು, ಆದರೆ ಬೇರೆ ಬೇರೆ ಜಾಗದಲ್ಲಿ ಬೇಕು ಎಂದಾದರೆ ಷರತ್ತು ಹಾಕಿ. ಎರಡೂ ಒಂದೇ ಜಾಗದಲ್ಲಿ ಬೇಕಿದ್ದರೆ ಮಾತ್ರ ಒಂದಕ್ಕೆ ಹೊಸ ಕೀಲಿ.

ಕಂಟ್ರೋಲ್+ಡಿ ಈ ಮೂರನೆಯ ಬಗೆಯದು. ನೋಟ್‌ಪ್ಯಾಡ್++ ಮತ್ತು ಇಂಟೆಲಿಜೆ ಬಳಸಿದವರಿಗೆ ಅದು ಸಾಲಿನ ನಕಲು. ವಿಎಸ್ ಕೋಡ್‌ನಲ್ಲಿ ಅದು ಅದೇ ಪದದ ಮುಂದಿನ ಜಾಗವನ್ನೂ ಆಯ್ಕೆಗೆ ಸೇರಿಸುವ ಕೀಲಿ, ಬಹಳ ಉಪಯೋಗದ್ದು, ಕಳೆದುಕೊಳ್ಳಬಾರದು. ಹೀಗೆ ಮಾಡಿ:

1. ಪಟ್ಟಿಯಲ್ಲಿ ‘ಆ್ಯಡ್ ಸೆಲೆಕ್ಷನ್ ಟು ನೆಕ್ಸ್ಟ್ ಫೈಂಡ್ ಮ್ಯಾಚ್’ ಹುಡುಕಿ ಎಡಗಡೆಯ ಪೆನ್ಸಿಲ್ ಒತ್ತಿ. ಆಲ್ಟ್+ಜೆ ಒಮ್ಮೆ ಒತ್ತಿ, ಎಂಟರ್ ಕೊಡಿ. ಆಲ್ಟ್ ಜೊತೆಗೆ ಎಫ್, ಇ, ಎಸ್, ವಿ, ಜಿ, ಆರ್, ಟಿ, ಎಚ್ ಮೇಲಿನ ಮೆನುಗಳನ್ನು ತೆರೆಯುತ್ತವೆ, ಜೆ ಅದರಲ್ಲಿಲ್ಲ.

2. ‘ಕಾಪಿ ಲೈನ್ ಡೌನ್’ ಹುಡುಕಿ ಪೆನ್ಸಿಲ್ ಒತ್ತಿ. ಕಂಟ್ರೋಲ್+ಡಿ ಒಮ್ಮೆ ಒತ್ತಿ. ಈ ಕೀಲಿ ಈಗಾಗಲೇ ಬೇರೆ ಕಮಾಂಡ್‌ಗೆ ಇದೆ ಎಂಬ ಸೂಚನೆ ಬಂದರೆ ಆ ಸೂಚನೆಯನ್ನೇ ಒತ್ತಿ ಯಾವುದೆಂದು ನೋಡಿ, ಆಮೇಲೆ ಎಂಟರ್.

3. ಪರೀಕ್ಷಾ ಕಡತದಲ್ಲಿ ‘ಪಾಂಡವಪುರ’ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್+ಡಿ ಒತ್ತಿ. ಪಾಂಡವಪುರ ಎರಡಾಗಬೇಕು. ಈಗ ಅದನ್ನು ಆಯ್ಕೆ ಮಾಡಿ ಆಲ್ಟ್+ಜೆ ಒತ್ತಿದರೆ ಎರಡೂ ಕಡೆ ಕರ್ಸರ್ ನಿಲ್ಲಬೇಕು.

ಇದರಲ್ಲಿ ಜನ ತಪ್ಪುವುದು ‘ಒಮ್ಮೆ’ ಎಂಬಲ್ಲಿ. ಪೆನ್ಸಿಲ್ ಒತ್ತಿದಾಗ ಬರುವ ಪೆಟ್ಟಿಗೆ ಎರಡು ಒತ್ತುಗಳ ಜೋಡಿಯನ್ನೂ ಸ್ವೀಕರಿಸುತ್ತದೆ. ಸರಿಯಾಗಿ ತಾಗಲಿಲ್ಲ ಎಂದು ಎರಡನೇ ಸಲ ಒತ್ತಿದರೆ ‘ಕಂಟ್ರೋಲ್+ಡಿ ಕಂಟ್ರೋಲ್+ಡಿ’ ಎಂಬ ಜೋಡಿ ದಾಖಲಾಗಿ, ಆಮೇಲೆ ಒಂದು ಸಲ ಒತ್ತಿದರೆ ಏನೂ ಆಗುವುದಿಲ್ಲ.

ಈಗ ಜೇಸನ್ ಕಡತ ತೆರೆದು ನೋಡಿ. ಪೆನ್ಸಿಲ್‌ನಿಂದ ಮಾಡಿದ ಬದಲಾವಣೆಗೆ ಎರಡು ನಮೂದು ಕಾಣುತ್ತವೆ: ಹೊಸ ಕೀಲಿಯದೊಂದು, ಹಳೆಯ ಕೀಲಿಯನ್ನು ತೆಗೆಯುವ ಇನ್ನೊಂದು. ತೆಗೆಯುವ ನಮೂದಿನಲ್ಲಿ ಕಮಾಂಡ್‌ನ ಹೆಸರಿನ ಮೊದಲು ಕಳೆಯುವ ಚಿಹ್ನೆ ಇರುತ್ತದೆ. ಮುಂದೊಂದು ದಿನ ‘ಇದು ಬೇಡ’ ಎಂದು ಮೊದಲನೆಯದನ್ನು ಮಾತ್ರ ಅಳಿಸಿ ಎರಡನೆಯದನ್ನು ಬಿಟ್ಟರೆ ಆ ಕಮಾಂಡ್‌ಗೆ ಹೊಸ ಕೀಲಿಯೂ ಇಲ್ಲ, ಹಳೆಯದೂ ಇಲ್ಲ. ‘ಮೂಲಕ್ಕೆ ಮರಳಿಸಿದೆ, ಆದರೂ ಕೆಲಸ ಮಾಡುತ್ತಿಲ್ಲ’ ಎನ್ನುವವರ ಕಡತದಲ್ಲಿ ಸಾಮಾನ್ಯವಾಗಿ ಹೀಗೆ ಉಳಿದುಹೋದ ಕಳೆಯುವ ಚಿಹ್ನೆ ಇರುತ್ತದೆ. ಪಟ್ಟಿಯಲ್ಲಿ ಬಲಗ್ಲಿಕ್ ಮಾಡಿ ‘ರೀಸೆಟ್ ಕೀಬೈಂಡಿಂಗ್’ ಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಕೈಯಿಂದ ಅಳಿಸುವುದಕ್ಕಿಂತ ಅದೇ ಸುರಕ್ಷಿತ.

## ಹಂತ 6: ‘ವೆನ್’ ಷರತ್ತು

ಪಟ್ಟಿಯಲ್ಲಿ ಸಾಲಿನ ಮೇಲೆ ಬಲಗ್ಲಿಕ್ ಮಾಡಿ ‘ಚೇಂಜ್ ವೆನ್ ಎಕ್ಸ್‌ಪ್ರೆಷನ್’ ಆರಿಸಿ. ದಿನಬಳಕೆಗೆ ನಾಲ್ಕು ಷರತ್ತು ಗೊತ್ತಿದ್ದರೆ ಸಾಕು. ‘ಎಡಿಟರ್‌ಟೆಕ್ಸ್ಟ್‌ಫೋಕಸ್’ ಎಂದರೆ ಕರ್ಸರ್ ಪಠ್ಯದಲ್ಲಿದೆ. ‘ಟರ್ಮಿನಲ್‌ಫೋಕಸ್’ ಎಂದರೆ ಟರ್ಮಿನಲ್‌ನಲ್ಲಿದೆ. ‘ಎಡಿಟರ್‌ಹ್ಯಾಸ್‌ಸೆಲೆಕ್ಷನ್’ ಎಂದರೆ ಏನೋ ಆಯ್ಕೆಯಾಗಿದೆ. ‘ಎಡಿಟರ್‌ಲ್ಯಾಂಗ್‌ಐಡಿ’ ಮುಂದೆ ಎರಡು ಸಮ ಚಿಹ್ನೆ ಹಾಕಿ ಭಾಷೆಯ ಹೆಸರು ಬರೆದರೆ ಆ ಭಾಷೆಯ ಕಡತದಲ್ಲಿ ಮಾತ್ರ. ಇವು ಇಂಗ್ಲಿಷ್‌ನಲ್ಲಿ ಜಾಗ ಬಿಡದೆ ಬರೆಯುವ ಒಂದೇ ಪದಗಳು. ಎರಡನ್ನು ಸೇರಿಸಲು ನಡುವೆ &&, ಇಲ್ಲ ಎನ್ನಲು ಮುಂದೆ ! ಚಿಹ್ನೆ.

ಟ್ಯಾಬ್, ಎಂಟರ್, ಎಸ್ಕೇಪ್‌ಗೆ ಷರತ್ತಿಲ್ಲದೆ ಎಂದೂ ಕಮಾಂಡ್ ಕೊಡಬೇಡಿ. ಈ ಮೂರು ಕೀಲಿಗಳನ್ನು ಸಲಹಾಪಟ್ಟಿ, ಹುಡುಕು ಪೆಟ್ಟಿಗೆ, ಸ್ನಿಪ್ಪೆಟ್ (ಸಿದ್ಧ ಕೋಡ್ ತುಣುಕು) ಎಲ್ಲವೂ ಬಳಸುತ್ತವೆ. ಟ್ಯಾಬ್‌ಗೆ ಖಾಲಿ ಷರತ್ತಿನ ನಮೂದೊಂದು ಬಿದ್ದರೆ ಸಲಹೆ ಒಪ್ಪುವುದೂ ನಿಲ್ಲುತ್ತದೆ, ಸಾಲು ಒಳಸರಿಸುವುದೂ ನಿಲ್ಲುತ್ತದೆ. ಜನ ಆಗ ಎಕ್ಸ್‌ಟೆನ್ಷನ್ ಕೆಟ್ಟಿದೆ ಎಂದು ಅದನ್ನು ತೆಗೆದು ಹಾಕುತ್ತಾರೆ.

ಷರತ್ತು ಸರಿ ಬರೆದಿದ್ದರೂ ಹೊಂದದಿದ್ದರೆ ಎಫ್1 ಒತ್ತಿ ‘ಇನ್‌ಸ್ಪೆಕ್ಟ್ ಕಾಂಟೆಕ್ಸ್ಟ್ ಕೀಸ್’ ಕೊಟ್ಟು, ಪರದೆಯಲ್ಲಿ ಬೇಕಾದ ಜಾಗದ ಮೇಲೆ ಕ್ಲಿಕ್ ಮಾಡಿ. ಆ ಜಾಗದಲ್ಲಿ ಯಾವ ಷರತ್ತು ನಿಜ, ಯಾವುದು ಅಲ್ಲ ಎಂಬುದು ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ಬರುತ್ತದೆ.

## ಹಂತ 7: ಜೋಡಿ ಒತ್ತುಗಳು

ಕಂಟ್ರೋಲ್+ಕೆ ಒಂದೇ ಕೀಲಿಯಲ್ಲ, ಹತ್ತಾರು ಜೋಡಿಗಳ ಬಾಗಿಲು. ಅದಕ್ಕೇ ನೇರವಾಗಿ ಒಂದು ಕಮಾಂಡ್ ಕೊಟ್ಟರೆ ಅದರಿಂದ ಆರಂಭವಾಗುವ ಎಲ್ಲ ಜೋಡಿಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ, ಶಾರ್ಟ್‌ಕಟ್ ಪಟ್ಟಿ ತೆರೆಯುವ ಜೋಡಿಯೂ ಸೇರಿ. ಹಾಗಾಗಿದ್ದರೆ ಎಫ್1 ಮೂಲಕ ಪಟ್ಟಿ ತೆರೆದು ಆ ನಮೂದನ್ನು ರೀಸೆಟ್ ಮಾಡಿ.

ಒತ್ತಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ‘ಎರಡನೇ ಕೀಲಿಗಾಗಿ ಕಾಯುತ್ತಿದೆ’ ಎಂಬರ್ಥದ ಸೂಚನೆ ಬಂದರೆ ನೀವು ಜೋಡಿಯ ಮೊದಲರ್ಧ ಒತ್ತಿದ್ದೀರಿ ಎಂದರ್ಥ. ಹೊಸ ಶಾರ್ಟ್‌ಕಟ್ ಬೇಕೆಂದಾಗ ಖಾಲಿ ಕೀಲಿ ಹುಡುಕುತ್ತಾ ಕೂರುವ ಬದಲು ಕಂಟ್ರೋಲ್+ಕೆ ಮುಂದೆ ಬಳಕೆಯಾಗದ ಒಂದು ಅಕ್ಷರ ಹಾಕಿಕೊಳ್ಳಿ. ಒಂದು ಒತ್ತು ಹೆಚ್ಚು, ಆದರೆ ವ್ಯವಸ್ಥೆಗೂ ಭಾಷೆಯ ತಂತ್ರಾಂಶಕ್ಕೂ ತಾಗುವ ಸಾಧ್ಯತೆ ಬಹಳ ಕಡಿಮೆ.

## ಹಂತ 8: ಒಳಗಿನ ಟರ್ಮಿನಲ್

ಟರ್ಮಿನಲ್‌ನಲ್ಲಿ ನೀವು ಕೊಡುವ ಕಮಾಂಡ್‌ಗಳನ್ನು ನಡೆಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ, ಬ್ಯಾಶ್ ಅಂಥದ್ದೊಂದು. ಬ್ಯಾಶ್‌ನಲ್ಲಿ ಕಂಟ್ರೋಲ್+ಕೆ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸುತ್ತದೆ, ಕಂಟ್ರೋಲ್+ಪಿ ಹಿಂದಿನ ಕಮಾಂಡ್ ತರುತ್ತದೆ. ಎಡಿಟರ್‌ನ ಟರ್ಮಿನಲ್‌ನಲ್ಲಿ ಎರಡೂ ಬೇರೆ ಕೆಲಸ ಮಾಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಟರ್ಮಿನಲ್‌ನ ‘ಅಲೋ ಕಾರ್ಡ್ಸ್’ ತೆಗೆದರೆ ಕಂಟ್ರೋಲ್+ಕೆ ಶೆಲ್‌ಗೆ ಸಿಗುತ್ತದೆ. ಕಂಟ್ರೋಲ್+ಪಿಗೆ ‘ಕಮಾಂಡ್ಸ್ ಟು ಸ್ಕಿಪ್ ಶೆಲ್’ ಪಟ್ಟಿಗೆ ಕ್ವಿಕ್ ಓಪನ್‌ನ (ಕಡತವನ್ನು ಹೆಸರಿನಿಂದ ತೆರೆಯುವ ಕಮಾಂಡ್) ಕಮಾಂಡ್ ಐಡಿಯನ್ನು ಮುಂದೆ ಕಳೆಯುವ ಚಿಹ್ನೆ ಹಾಕಿ ಸೇರಿಸಿ. ಇಡೀ ಟರ್ಮಿನಲ್‌ಗೆ ಎಲ್ಲ ಕೀಲಿ ಬಿಟ್ಟುಕೊಡುವ ‘ಸೆಂಡ್ ಕೀಬೈಂಡಿಂಗ್ಸ್ ಟು ಶೆಲ್’ ಕೂಡ ಇದೆ. ಅದನ್ನು ಚಾಲೂ ಮಾಡಿದರೆ ಟರ್ಮಿನಲ್‌ನಿಂದ ಹೊರಬರಲು ಮೌಸ್ ಹಿಡಿಯಬೇಕಾಗಬಹುದು.

## ಹಂತ 9: ಯಾವ ಎಕ್ಸ್‌ಟೆನ್ಷನ್?

‘ಸೋರ್ಸ್’ ನೋಡಿದರೂ ಸಿಗದ ತೊಂದರೆ ಅಪರೂಪ. ಆಗ ಎಫ್1 ಒತ್ತಿ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಕೊಡಿ. ಅರ್ಧ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ ‘ತೊಂದರೆ ಇನ್ನೂ ಇದೆಯೇ’ ಎಂದು ಕೇಳುತ್ತಾ, ಪ್ರತಿ ಉತ್ತರಕ್ಕೂ ಅರ್ಧಕ್ಕಿಳಿಸುತ್ತಾ ಹೋಗುತ್ತದೆ. 32 ಎಕ್ಸ್‌ಟೆನ್ಷನ್ ಇದ್ದರೂ ಐದಾರು ಪ್ರಶ್ನೆಗಳಲ್ಲಿ ಮುಗಿಯುತ್ತದೆ.

ವಿಮ್ ಎಂಬ ಎಡಿಟರ್‌ನ ಕೀಲಿಗಳನ್ನು ಇಲ್ಲಿಗೆ ತರುವ ವಿಮ್ ಎಕ್ಸ್‌ಟೆನ್ಷನ್ ಹಾಕಿದವರು ಮೊದಲು ಅದನ್ನೇ ನೋಡಿ. ಅದು ಕಂಟ್ರೋಲ್+ಎಫ್, ಕಂಟ್ರೋಲ್+ಬಿ, ಕಂಟ್ರೋಲ್+ಡಿ ಮೊದಲಾದವನ್ನು ತನ್ನದಾಗಿಸಿಕೊಳ್ಳುತ್ತದೆ. ‘ಹ್ಯಾಂಡಲ್ ಕೀಸ್’ ಎಂಬ ಅದರ ಸೆಟ್ಟಿಂಗ್‌ನಲ್ಲಿ ಬೇಡದ ಕೀಲಿಗಳನ್ನು ಒಂದೊಂದಾಗಿ ಬಿಡಿಸಬಹುದು. ಸಬ್ಲೈಮ್, ಇಂಟೆಲಿಜೆ, ನೋಟ್‌ಪ್ಯಾಡ್++ ಎಡಿಟರ್‌ಗಳ ಶಾರ್ಟ್‌ಕಟ್ ತರುವ ಕೀಮ್ಯಾಪ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎರಡು ಒಟ್ಟಿಗಿದ್ದರೆ ಯಾವುದು ಗೆಲ್ಲುತ್ತದೆ ಎಂದು ಕೀಲಿ ಕೀಲಿಗೂ ಪರೀಕ್ಷಿಸಬೇಕಾಗುತ್ತದೆ.

## ಹಂತ 10: ಲ್ಯಾಬ್‌ನಲ್ಲೂ ಮನೆಯಲ್ಲೂ

ಶಿಫ್ಟ್+ಆಲ್ಟ್+ಕೆಳಬಾಣ ವಿಂಡೋಸ್‌ನಲ್ಲಿ ಸಾಲು ನಕಲು ಮಾಡುತ್ತದೆ. ಉಬುಂಟುವಿನಲ್ಲಿ ಕೆಳಗಿನ ಸಾಲಿಗೆ ಎರಡನೇ ಕರ್ಸರ್ ಹಾಕುತ್ತದೆ. ಓರಣ ಮಾಡುವ ಶಿಫ್ಟ್+ಆಲ್ಟ್+ಎಫ್ ಅಲ್ಲಿ ಕಂಟ್ರೋಲ್+ಶಿಫ್ಟ್+ಐ. ಇದು ತಿಕ್ಕಾಟವಲ್ಲ, ಎರಡು ಬೇರೆ ಪಟ್ಟಿ. ಎರಡೂ ಕಡೆ ಒಂದೇ ಬೇಕಿದ್ದರೆ ಕಂಟ್ರೋಲ್+ಕೆ ಜೋಡಿಗಳನ್ನು ಎರಡೂ ಕಡೆ ಹಾಕಿಕೊಳ್ಳುವುದು ಉತ್ತಮ.

ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಸೆಟ್ಟಿಂಗ್ ಇಡುವ ಸೆಟ್ಟಿಂಗ್ಸ್ ಸಿಂಕ್ ಚಾಲೂ ಇದ್ದರೂ ಶಾರ್ಟ್‌ಕಟ್‌ಗಳನ್ನು ಅದು ವಿಂಡೋಸ್, ಲಿನಕ್ಸ್ ಎಂದು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ‘ಕೀಬೈಂಡಿಂಗ್ಸ್ ಪರ್ ಪ್ಲಾಟ್‌ಫಾರ್ಮ್’ ತೆಗೆದರೆ ಒಂದೇ ಪಟ್ಟಿ ಎರಡೂ ಕಡೆ ಬರುತ್ತದೆ. ಲ್ಯಾಬ್‌ನ ಹಂಚಿಕೆಯ ಕಂಪ್ಯೂಟರ್‌ನಲ್ಲಿ ಮಾತ್ರ ನಿಮ್ಮ ಖಾತೆಗೆ ಲಾಗಿನ್ ಆಗಬೇಡಿ. ನಿಮ್ಮ ನಂತರ ಕೂತವರು ಮಾಡಿದ ಬದಲಾವಣೆ ನಿಮ್ಮ ಮನೆಯ ಎಡಿಟರ್‌ಗೂ ಬಂದುಬಿಡುತ್ತದೆ. ಅಲ್ಲಿ ಹೊಸ ಪ್ರೊಫೈಲ್ ಮಾಡಿ, ಪೆನ್‌ಡ್ರೈವ್‌ನಲ್ಲಿಟ್ಟ ಜೇಸನ್ ಅಂಟಿಸಿ, ಎದ್ದು ಹೋಗುವಾಗ ಪ್ರೊಫೈಲ್ ಅಳಿಸಿ. ಪ್ರತಿ ಪ್ರೊಫೈಲ್‌ಗೂ ಅದರದೇ ಶಾರ್ಟ್‌ಕಟ್ ಪಟ್ಟಿ ಇರುತ್ತದೆ, ಹಾಗಾಗಿ ಇನ್ನೊಬ್ಬರ ಕೆಲಸಕ್ಕೆ ಅಡ್ಡಿಯಾಗದು.

## ಕೈ ತಡೆಯಬೇಕಾದ ಸೂಚನೆಗಳು

ಒಂದು ಬದಲಾವಣೆ ಮಾಡಿದ ಮೇಲೆ ನಿಮ್ಮ ಎಲ್ಲ ಶಾರ್ಟ್‌ಕಟ್‌ಗಳೂ ಒಟ್ಟಿಗೆ ನಿಂತರೆ ಜೇಸನ್‌ನಲ್ಲಿ ಅಲ್ಪವಿರಾಮವೋ ಆವರಣವೋ ತಪ್ಪಿದೆ. ಕೆಂಪು ಅಲೆಗೆರೆ ಇರುವಲ್ಲಿ ನೋಡಿ. ಎಡಿಟರ್ ತೆರೆದಾಗ ಸರಿಯಿದ್ದು ಸ್ವಲ್ಪ ಹೊತ್ತಿಗೆ ಕೆಡುವ ಕೀಲಿ ಭಾಷೆ ಬದಲಾದದ್ದರ ಗುರುತು, ಹಂತ 2ಕ್ಕೆ ಮರಳಿ. ಲಿನಕ್ಸ್‌ನಲ್ಲಿ ದಾಖಲೆಯೇ ತಪ್ಪು ಕೀಲಿ ತೋರಿಸುತ್ತಿದ್ದರೆ ‘ಕೀಬೋರ್ಡ್ ಡಿಸ್ಪ್ಯಾಚ್’ ಸೆಟ್ಟಿಂಗನ್ನು ‘ಕೀಕೋಡ್’ ಮಾಡಿ ಎಡಿಟರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಮುಚ್ಚದೆ ಅದು ಜಾರಿಗೆ ಬರುವುದಿಲ್ಲ.

## ಬೇರೆ ಎಡಿಟರ್ ಬಳಸುವವರಿಗೆ

ಅನುಕ್ರಮ ಇದೇ, ಉಪಕರಣ ಬೇರೆ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್+ಎಚ್ ಒತ್ತಿ ಕೆ ಒತ್ತಿ, ಆಮೇಲೆ ತೊಂದರೆಯ ಕೀಲಿ ಒತ್ತಿದರೆ ಅದು ಯಾವ ಕಮಾಂಡ್‌ಗೆ ಹೋಗುತ್ತಿದೆ ಎಂದು ತಿಳಿಯುತ್ತದೆ. ಅಲ್ಲಿ ಹೆಚ್ಚುವರಿ ಸೌಲಭ್ಯದ ಮೈನರ್ ಮೋಡ್ ಕಡತದ ಬಗೆಗೆ ತಕ್ಕ ಮೇಜರ್ ಮೋಡನ್ನೂ, ಮೇಜರ್ ಮೋಡ್ ಗ್ಲೋಬಲ್ ಕೀಲಿಯನ್ನೂ ಮೀರುತ್ತದೆ. ಗ್ಲೋಬಲ್‌ನಲ್ಲಿ ಎಷ್ಟು ಸಲ ಹಾಕಿದರೂ ಹತ್ತದಿದ್ದರೆ ಕಾರಣ ಅದೇ. ವಿಮ್‌ನಲ್ಲಿ ‘ವರ್ಬೋಸ್ ಮ್ಯಾಪ್’ ಕಮಾಂಡ್‌ಗೆ ಕೀಲಿಯ ಹೆಸರು ಕೊಟ್ಟರೆ ಅದನ್ನು ಯಾವ ಕಡತ ಕೊನೆಯ ಸಲ ಹೊಂದಿಸಿತು ಎಂಬುದೂ ಬರುತ್ತದೆ. ಸಬ್ಲೈಮ್‌ನಲ್ಲಿ ಕನ್ಸೋಲ್ ತೆರೆದು ‘ಲಾಗ್ ಇನ್‌ಪುಟ್’ ಮತ್ತು ‘ಲಾಗ್ ಕಮಾಂಡ್ಸ್’ ಎರಡನ್ನೂ ಚಾಲೂ ಮಾಡಿ. ಮೊದಲನೆಯದು ಕೀಲಿ ಬಂತೇ ಎಂದು ತೋರಿಸಿದರೆ, ಎರಡನೆಯದು ಅದರಿಂದ ಯಾವ ಕಮಾಂಡ್ ನಡೆಯಿತು ಎಂದು ತೋರಿಸುತ್ತದೆ.